ಅಣ್ಣ ತಂದ ಈಯದ ಚೊಂಬು

ಅಮ್ಮ ಸಾರು ಮಾಡುತ್ತಿದ್ದುದು ಈಯದ ಚೊಂಬಿನಲ್ಲಿ. ಅಪ್ಪಟ ತವರದ ಪಾತ್ರೆ. ಹಿತ್ತಾಳೆಯ ಹಾಗೆ ಬೆಂಕಿ ತಡೆಯುವ ಜಾತಿಯದಲ್ಲ. ಒಳಗೆ ನೀರಿದ್ದರೆ ಉಳಿಯುತ್ತದೆ, ಬರಿದೇ ಒಲೆಯ ಮೇಲಿಟ್ಟರೆ ಕರಗಿಹೋಗುತ್ತದೆ. "ಮೊದ್ಲು ನೀರು, ಆಮೇಲೆ ಒಲೆ" ಎಂದು ಹೇಳಿ ಹೇಳಿ ಅಮ್ಮ ನನ್ನ ತಲೆ ತಿಂದಿದ್ದಳು. ನನಗೋ ಆ ಚೊಂಬನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕಿದ್ದ ಮರ್ಯಾದೆ ಆ ಮನೆಯಲ್ಲಿ ನನಗಿರಲಿಲ್ಲ.

ತಂದವನು ಅಣ್ಣ. ಮಲಯದ ರಬ್ಬರ್ ತೋಟದಲ್ಲಿ ಗುಮಾಸ್ತನಾಗಿದ್ದ. ತವರ ಅಲ್ಲಿನ ನೆಲದಲ್ಲೇ ಸಿಗುತ್ತದಂತೆ. ರಜೆಗೆ ದೊಡ್ಡಬಳ್ಳಾಪುರಕ್ಕೆ ಬಂದಾಗ ತಂದುಕೊಟ್ಟು ಹೋದ. ಆಮೇಲೆ ಜಪಾನಿನವರು ಅಲ್ಲಿಗೆ ನುಗ್ಗಿದರು, ಅವನ ಸುದ್ದಿಯೇ ನಿಂತುಹೋಯಿತು. ಅಮ್ಮ ದಿನಾ ಅದರಲ್ಲೇ ಸಾರು ಕುದಿಸಿ, "ಬಂದ ತಕ್ಷಣ ಇದನ್ನೇ ಕೇಳ್ತಾನೆ ನೋಡು" ಎನ್ನುತ್ತಿದ್ದಳು.

ಯುದ್ಧ ಮುಗಿದ ಮೇಲೆ ಅದೇ ತೋಟದಲ್ಲಿದ್ದ ತೂಬಗೆರೆಯವರೊಬ್ಬರು ಊರಿಗೆ ಮರಳಿ, ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಲಿಯಲ್ಲಿ ಕೂತು ಅಪ್ಪನಿಗೆ ಹೇಳಿದರು: "ಜ್ವರ ಬಂದಿತ್ತು ಸ್ವಾಮಿ. ನನ್ ಕಣ್ಮುಂದೇನೇ ಹೋಗ್ಬಿಟ್ರು." ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಮ್ಮ ಏನೂ ಆಗದವಳಂತೆ ಒಳಗೆ ಹೋಗಿ, ಉರಿಯುತ್ತಿದ್ದ ಒಲೆಯ ಮೇಲೆ ಚೊಂಬನ್ನಿಟ್ಟಳು. ನೀರು ಹಾಕಲಿಲ್ಲ. ನಾನು ಹೋಗುವಷ್ಟರಲ್ಲಿ ತಳ ಕರಗಿ ಬೂದಿಗೆ ಇಳಿಯುತ್ತಿತ್ತು. ಅಮ್ಮ ನೋಡುತ್ತಾ ಕೂತಿದ್ದಳು.

ಅಪ್ಪ ಕರ್ಮ ಮಾಡಿಸಲು ಹೊರಟರೆ ಅವಳು ಅಡ್ಡ ನಿಂತಳು. "ಆತ ನೋಡಿದ್ದು ಬೇರೆ ಯಾರನ್ನೋ. ಬದುಕಿರೋ ಮಗನಿಗೆ ಪಿಂಡ ಇಡ್ತೀರಾ?"

ಅಪ್ಪ ಕರ್ಮದ ಮಾತು ಕೈಬಿಟ್ಟರು. ಬೂದಿಯಿಂದ ಆರಿಸಿದ ತವರದ ಗಟ್ಟಿಯನ್ನು ಅಮ್ಮ ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿಟ್ಟಳು. ಅಣ್ಣ ಬಂದಮೇಲೆ ಅದನ್ನು ಮತ್ತೆ ಚೊಂಬು ಮಾಡಿಸಬೇಕಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ಸತ್ತಿದ್ದ, ಅಳುವುದಕ್ಕೂ ನಮಗೆ ಅಪ್ಪಣೆಯಿರಲಿಲ್ಲ.

ಒಳಮೈಗೆ ಬಳಿದ ತವರದ ಕಲಾಯಿ ಸವೆದ ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಕಿಲುಬು ಹಿಡಿಯತೊಡಗಿತು. ಕೊನೆಗೊಂದು ದಿನ ಕಲಾಯಿ ಸಾಬರು ಬೀದಿಗೆ ಬಂದರು. ಪಾತ್ರೆಗಳನ್ನು ನೋಡಿ ಕೈಚೆಲ್ಲಿದರು. "ತವರಾನೇ ಸಿಗ್ತಾ ಇಲ್ಲ ಅಮ್ಮಾ. ಸೀಸ ಬೆರಸಿ ಹಾಕು ಅಂತಾರೆ ಕೆಲವ್ರು. ತಿನ್ನೋ ಪಾತ್ರೆಗೆ ನಾನು ಹಾಕಲ್ಲ."

ಅಮ್ಮ ಒಳಗೆ ಹೋದಳು. ಬಂದಾಗ ಕೈಯಲ್ಲಿ ಆ ಗಟ್ಟಿಯಿತ್ತು.

"ಎಲ್ಲಾ ಪಾತ್ರೆಗೂ ಹಾಕ್ಬಿಡಿ ಸಾಬ್ರೇ."

"ಅಮ್ಮಾ, ಚೊಂಬಿಗೆ ಅಂತ ಇಟ್ಟಿದ್ದಲ್ವಾ?" ಎಂದೆ.

"ಯಾರಿಗೆ ಚೊಂಬು?" ಎಂದಳು. ಆಮೇಲೆ ಜಗಲಿಯಲ್ಲಿದ್ದ ಅಪ್ಪನ ಕಡೆ ತಿರುಗಿದಳು. "ಪುರೋಹಿತರಿಗೆ ಹೇಳಿ ಕಳಿಸಿ."