ಮುದ್ಕಿ ಅನ್ನಿಸಿಕೊಂಡ ಮಾರಕ್ಕ

ಜಕ್ಕೂರಿನ ಮಾರಕ್ಕನನ್ನು ಅವಳ ಮಗ ಪಿಳ್ಳಪ್ಪ ಅಮ್ಮ ಎನ್ನುತ್ತಿರಲಿಲ್ಲ. ಮುದ್ಕಿ ಎನ್ನುತ್ತಿದ್ದ. ಅವಳಿಗೆ ಇಪ್ಪತ್ತೈದು ತುಂಬುವ ಮೊದಲೇ ಮುದ್ಕಿ. ಹಾಗೆ ಕಲಿಸಿದವಳೂ ಅವಳೇ.

ಅವನಿಗಿಂತ ಮುಂಚೆ ಮೂರು ಹುಟ್ಟಿ ಮೂರೂ ಹೋಗಿದ್ದವು. ಕೆರೆ ಏರಿಯ ಕೆಳಗೆ ಹೂಳಿದ್ದರು. ನಾಲ್ಕನೆಯದನ್ನು ಹಿರಿಯರು ಹೇಳಿದಂತೆ ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ನೂರ್‌ಜಹಾನ್‌ಗೆ ಒಂದು ಸೇರು ತೌಡಿಗೆ ಮಾರಿದಳು. ಮಾರಿದ ಮೇಲೆ ಮಗು ಅವಳದಲ್ಲ. ಹಾಲೂಡಬಹುದು, ಸಾಕಬಹುದು. ಅಮ್ಮ ಎಂದು ಕರೆಸಿಕೊಳ್ಳಬಾರದು, ಕರೆದರೆ ಓಗೊಡಬಾರದು. ಓಗೊಟ್ಟರೆ, ಮೂರನ್ನು ಕೊಂಡೊಯ್ದ ಪೀಡೆಗೆ ಇದೂ ಅವಳದೇ ಎಂದು ಗೊತ್ತಾಗುತ್ತದೆ. ಪಿಳ್ಳಪ್ಪ ಅಮ್ಮ ಎನ್ನುತ್ತಿದ್ದದ್ದು ನೂರ್‌ಜಹಾನಳನ್ನು.

ಹೊರಗಿನವರಿಗೆ ಇದೇನು ಗೊತ್ತು? ಶಾಲೆಯ ಮೇಷ್ಟ್ರು, ಹೆತ್ತವಳನ್ನು ಹಾಗನ್ನುತ್ತೀಯಾ ಎಂದು ಹುಣಸೆ ಬರಲಿನಲ್ಲಿ ಬಾರಿಸಿದರು. ಮಾರಕ್ಕ ಬಾಸುಂಡೆಗೆ ಎಣ್ಣೆ ಹಚ್ಚಿದಳು, ಮಾತು ತಿದ್ದಲಿಲ್ಲ. ಮುಂದೆ ಪಿಳ್ಳಪ್ಪ ವಿಮಾನದ ಮೈದಾನದಲ್ಲಿ ಹುಲ್ಲು ಕೊಯ್ಯಲು ಸೇರಿದಾಗ ಜೊತೆಯವರು ನಕ್ಕರು. ಇಬ್ಬರು ತಮ್ಮ ತಾಯಂದಿರನ್ನೂ ಹಾಗೇ ಕರೆದು ಪೊರಕೆ ಏಟು ತಿಂದರು.

ಅರವತ್ತೆರಡನೇ ಇಸವಿಯಲ್ಲಿ ಅವನ ಮದುವೆ. ಊಟದ ಪಂಕ್ತಿಯಲ್ಲಿ ಮದುಮಗ, "ಏ ಮುದ್ಕಿ, ನೀನೂ ಕೂತ್ಕೋ" ಎಂದ. ಹೆಣ್ಣಿನ ಸೋದರಮಾವ ದಾಸಪ್ಪ ಎಲೆ ಬಿಟ್ಟು ಎದ್ದ.

"ಎತ್ತೋಳ್ಗೇ ಇಂಗಂದ್ರೆ, ನಮ್ ಉಡ್ಗೀನ ಇನ್ನೇನಂತಾನೋ."

ಸೊಸೆ ಮುನಿಗಂಗಮ್ಮ ಹೆಬ್ಬಾಳದವಳು. ತವರಿನವರ ಮುಂದೆ ತಲೆ ಎತ್ತಲಾರದೆ ಗಂಡನ ಹತ್ತಿರ ಹಟ ಹಿಡಿದಳು, ಅಮ್ಮ ಅನ್ನದಿದ್ದರೆ ತವರಿಗೆ ಹೋಗುತ್ತೇನೆಂದು. ತೌಡಿನ ಕಥೆ ಹೇಳಿದರೆ ನಕ್ಕಳು.

ಒಂದು ಬೆಳಿಗ್ಗೆ ಮಾರಕ್ಕ ರಾಗಿ ಬೀಸುತ್ತಿದ್ದಳು. ಪಿಳ್ಳಪ್ಪ ಹೊಸ್ತಿಲಲ್ಲಿ ನಿಂತು, "ಅಮ್ಮಾ" ಎಂದ.

ಬೀಸುಕಲ್ಲು ನಿಂತಿತು. ಇಪ್ಪತ್ತು ವರ್ಷ ಆಸೆಪಟ್ಟಿದ್ದ ಮಾತು. ಅದರ ಹಿಂದೆಯೇ ಕೊಟ್ಟಿಗೆಯ ಹಿತ್ತಲಿಂದ ಇನ್ನೊಂದು ಅಮ್ಮಾ ಬಂತು. ಮತ್ತೊಂದು. ಮತ್ತೂ ಒಂದು. ಮೂರನೆಯ ಕೂಸು ಮಾತು ಕಲಿಯುವ ಮುಂಚೆ ಸತ್ತಿತ್ತು. ಅದೂ ಕರೆಯಿತು.

"ಕರೀತಾವ್ರೆ, ಕೇಳಿಸ್ಲಿಲ್ವಾ ಅತ್ತೆ?" ಎಂದಳು ಸೊಸೆ.

"ಎಷ್ಟ್ ಜನ ಕರುದ್ರು?" ಎಂದಳು ಮಾರಕ್ಕ.

ಸೊಸೆಗೆ ಕೇಳಿದ್ದು ಒಂದೇ. ಮಾರಕ್ಕ ಓಗೊಡದೆ ಕಲ್ಲು ತಿರುಗಿಸಿದಳು.

ಸಂಜೆಗೆ ಪಿಳ್ಳಪ್ಪನಿಗೆ ಜ್ವರ ಬಂತು. ಕಣ್ಣು ಬಿಡಲಿಲ್ಲ. ಅಮ್ಮಾ, ಅಮ್ಮಾ ಎಂದು ಕನವರಿಸಿದ. ಒಂದು ಸಲ ಓ ಅನ್ನು ಎಂದು ಸೊಸೆ ಕಾಲು ಹಿಡಿದಳು. ಮಾರಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಪಕ್ಕದ ಮನೆಗೆ ಓಡಿದಳು.

ನೂರ್‌ಜಹಾನ್ ಬಂದು ಅವನ ತಲೆಯ ಹತ್ತಿರ ಕೂತಳು. ಅವನು ಕರೆದಾಗಲೆಲ್ಲ, "ಇಲ್ಲೇ ಇದೀನಿ ಮಗಾ" ಎಂದಳು. ಮೂರು ದಿನ ಹೀಗೇ. ಕೊಟ್ಟಿಗೆಯ ಹಿಂದೆ ತರಗೆಲೆ ತುಳಿದ ಸದ್ದು ನಿಲ್ಲಲಿಲ್ಲ. ದನ ಮೇವು ಮುಟ್ಟಲಿಲ್ಲ.

ನಾಲ್ಕನೆಯ ಮಧ್ಯಾಹ್ನ ದನ ಮೇವಿಗೆ ಬಾಯಿ ಹಾಕಿತು. ಪಿಳ್ಳಪ್ಪ ಕಣ್ಣು ಬಿಟ್ಟ.

"ಮುದ್ಕಿ, ನೀರ್ ಕೊಡು" ಎಂದ.

ಕೊಟ್ಟಳು. ಸೊಸೆ ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಎದ್ದ ಮೂರು ಕೂಸುಗಳು ಮತ್ತೆ ಮಲಗಲಿಲ್ಲ. ಸಂಜೆ ದನ ಕಟ್ಟುವ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಕರೆಯುತ್ತಿದ್ದವು. ಮಾರಕ್ಕ ಬದುಕಿರುವ ತನಕ ಅವಕ್ಕೆ ಓಗೊಟ್ಟಳು. ಬಂದೆ ಮಗಾ, ಬಂದೆ ಎನ್ನುತ್ತಿದ್ದಳು. ಅವನ್ನು ಇನ್ನು ಯಾರೂ ಕೊಂಡೊಯ್ಯುವಂತಿರಲಿಲ್ಲ.