ಉಂಡೆಯಿಲ್ಲದ ಪರಿಮಳ

ಕೇಳಿರಿ, ಕೇಳಿರಿ, ನೆರೆದ ಮಹಾಜನಗಳೇ! ನಮ್ಮ ಈ ಮರಾಠಿ ಊರಿನ ಮಗರಪಟ್ಟಾ ಬಡಾವಣೆಯಲ್ಲಿ ನನ್ನ ಮೊಮ್ಮಗಳ ದೀಪಾವಳಿ ರಜೆಯ ಕನ್ನಡ ತರಗತಿಗೆ ಲ್ಯಾವೆಂಡರ್ ಪರಿಮಳ ಉಗುಳುವ ಯಂತ್ರ ಬಂದಿದೆ. ಮಕ್ಕಳು ಶಾಂತವಾಗಿರಲೆಂದು ತಂದದ್ದಂತೆ! ಮಗು ಇವತ್ತು ತಲೆನೋವೆಂದು ಅಳುತ್ತ ಹೊರಗೆ ಬಂತು.

"ಅಡ್ಜಸ್ಟ್ ಆಗ್ತಾಳೆ ಅಂಕಲ್," ಎಂದರು ಬೆಂಗಳೂರಿನ ಟೀಚರು.

ಮೊಮ್ಮಗಳ ಫ್ರಾಕಿಗೆ ಹತ್ತಿದ ಆ ವಾಸನೆಗೆ ಮೂಗು ಮುಚ್ಚಿಕೊಂಡಾಗ ನನಗೆ ಇದೇ ಊರಿನ ಶಿವಾಜಿನಗರದಲ್ಲಿ ಚಿಕ್ಕಂದಿನಲ್ಲಿ ಕನ್ನಡ ಕಲಿಸಿದ ನಮ್ಮ ಅಕ್ಕೋರು ನೆನಪಾದರು. ರಜೆಯ ಪಾಠವನ್ನು ಅವರು ತಮ್ಮ ಅಡುಗೆಮನೆಯ ಬಾಗಿಲಲ್ಲೇ ಹೇಳುತ್ತಿದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೌಟು, ಬಾಣಲೆಯಲ್ಲಿ ತುಪ್ಪಕ್ಕೆ ಬಿದ್ದ ಕಡಲೆಹಿಟ್ಟಿನ ಘಮ!

"ಗದ್ದಲಾ ಮಾಡಿದವ್ರಿಗೆ ಉಂಡಿ ಇಲ್ಲ ನೋಡ್ರಲೇ!"

ಆಹಾ, ಎಂಥ ಶಾಂತಿ! ಪಾಠ ಮುಗಿದರೆ ಅಂಗೈಗೆ ಬಿಸಿ ಉಂಡೆ ಬೀಳುತ್ತಿತ್ತು. ಆ ಘಮದ ಹಿಂದೆ ಉಂಡೆಯಿತ್ತು. ಈ ದರಿದ್ರ ಯಂತ್ರದ ಹಿಂದೆ ಏನಿದೆ? ಒಂದು ಪ್ಲಗ್ಗು!

ನಾಳೆ ಬೆಳಗ್ಗೆ, ಟೀಚರು ಬರುವ ಮೊದಲೇ, ಅದನ್ನು ಕಿತ್ತು ಬರುತ್ತೇನೆ.