ಗೋಡೆಗೆ ಆನಿಸಿಟ್ಟ ಫೋನು

ಮಗುವನ್ನು ಫೋನಿನ ಮುಂದೆ ಕೂಡಿಸುವ ವಿದ್ಯೆ ನನಗೆ ಬರುವುದಿಲ್ಲ. ಎರಡು ಮಕ್ಕಳನ್ನು ಬೆಳೆಸಿದವಳು, ಕಹಿ ಔಷಧಿ ಕುಡಿಸಿದವಳು, ಹೇನು ಹೆಕ್ಕಿದವಳು ಎಂಬ ನನ್ನ ಜಂಬವೆಲ್ಲ ಐದು ವರ್ಷದ ದೀಕ್ಷಾಳ ಮುಂದೆ ಇಳಿದುಹೋಯಿತು.

ದೀಕ್ಷಾ ನನ್ನ ತಂಗಿ ಸುಶೀಲಾಳ ಮಗಳು. ತಂಗಿಯನ್ನು ಔರಾದ ಕಡೆಯ ಹಳ್ಳಿಗೆ ಕೊಟ್ಟಿದೆ. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟ ಮೇಲೆ ಗಂಡ ಹೆಂಡತಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು. ಶಾಲೆ ತಪ್ಪಬಾರದೆಂದು ಮಗಳನ್ನು ಚಿದ್ರಿಯ ನಮ್ಮ ಮನೆಯಲ್ಲಿ ಬಿಟ್ಟರು. ದಿನಾ ಸಂಜೆ ಕೆಲಸ ಬಿಟ್ಟ ಕೂಡಲೇ ಸುಶೀಲಾ ಸಿಮೆಂಟಿನ ಧೂಳು ತೊಳೆದುಕೊಂಡು, ತಲೆ ಬಾಚಿ, ಫೋಟೋಕ್ಕೆ ಕೂತವಳಂತೆ ಕೂತು ವಿಡಿಯೋ ಕಾಲ್ ಹಚ್ಚುತ್ತಿದ್ದಳು.

ಆಗ ನಮ್ಮ ಕವಾಯತು ಶುರು. “ಅವ್ವಗ ಮಾರಿ ತೋರ್ಸು. ಏನ್ ಉಂಡಿ, ಹೇಳು. ಸಾಲ್ಯಾಗ ಏನ್ ಕಲ್ಸ್ಯಾರ?” ಹುಡುಗಿ ಒಂದು “ಹ್ಞೂಂ” ಒಗೆದು ಮಂಚದ ಕೆಳಗೆ ಸೇರುತ್ತಿದ್ದಳು. ನಾನು ಫೋನು ಹಿಡಿದು, ಮೊಣಕಾಲು ನೋವನ್ನೂ ಮರೆತು, ಬಗ್ಗಿ ಹಿಂಬಾಲಿಸುತ್ತಿದ್ದೆ. ಪುಣೆಯ ತಾಯಿಗೆ ಕಾಣುತ್ತಿದ್ದುದು ನಮ್ಮ ಟ್ರಂಕಿನ ಕೊಂಡಿ, ತಿರುಗುವ ಫ್ಯಾನು ಮತ್ತು ನನ್ನ ಹೆಬ್ಬೆರಳು. ಬಿಸ್ಕಿಟಿನ ಆಸೆ ತೋರಿಸಿದರೆ, ಬಿಸ್ಕಿಟು ಮುಗಿಯುವ ತನಕ ಮಾತ್ರ ಮಗಳು ಕಾಣುತ್ತಿದ್ದಳು, ಅದೂ ಬಾಯಿ ತುಂಬಿಕೊಂಡು.

ಊರ ಹೊರಗಿನ ಕೊಳಾರದ ಫ್ಯಾಕ್ಟರಿಯಿಂದ ಬಂದು ಚಹಾ ಕುಡಿಯುತ್ತಿದ್ದ ನಮ್ಮ ಮನೆಯವರು ಒಂದಿನ ಕೇಳಿದರು: “ಏನಿದು, ಫೋನ್ ಮಾಡಸ್ತಿದಿಯೋ ಪಂಚನಾಮಾ ಮಾಡಸ್ತಿದಿಯೋ?”

ನಾನು ಭಾಲ್ಕಿಯಲ್ಲಿ ಚಿಕ್ಕವಳಿದ್ದಾಗ, ದುಡಿಯಲು ಊರು ಬಿಟ್ಟವರಿಂದ ಕಾಗದ ಬರುತ್ತಿತ್ತು. ಕೊನೆಯಲ್ಲಿ ‘ಮಕ್ಕಳಿಗೆ ಆಶೀರ್ವಾದ’ ಎಂದು ಒಂದು ಸಾಲು. ಅದನ್ನು ಓದುವ ಹೊತ್ತಿಗೆ ಮಗು ಓಣಿಯಲ್ಲಿ ಗೋಲಿ ಆಡುತ್ತಿದ್ದರೂ ಆಶೀರ್ವಾದ ಮುಟ್ಟುತ್ತಿತ್ತು. ಮಗು ಮಿಸುಕದೆ ಕೂತು, ನಕ್ಕು, ಉತ್ತರ ಕೊಡಲೇಬೇಕೆಂದು ಯಾವ ಅಂಚೆಯವನೂ ಹಟ ಹಿಡಿಯಲಿಲ್ಲ.

ಒಂದು ಸಂಜೆ ದೀಕ್ಷಾ ಫೋನಿಗೆ ಬೆನ್ನು ಮಾಡಿ, “ನಮಸ್ತೆ, ಹೋಗ್ತೇನಿ” ಎಂದು ಓಡಿಬಿಟ್ಟಳು. ಬಂದ ಬೀಗರಿಗೆ ಹೇಳುವಂತೆ ತಾಯಿಗೆ ನಮಸ್ತೆ! ಸುಶೀಲಾ ಬಾಚಿದ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, “ಅಕ್ಕಾ, ನಾಳಿಂದ ವಿಡಿಯೋ ಬ್ಯಾಡ. ಆಕಿ ನನ್ನ ಮರ್ತಾಳ. ಸುಮ್ನ ಯಾಕ ಕೂಸಿಗಿ ತ್ರಾಸ ಕೊಡೋದು” ಎಂದಳು. ಎರಡು ದಿನ ಫೋನು ಬರಲಿಲ್ಲ. ದೀಕ್ಷಾ ಕೇಳಲೂ ಇಲ್ಲ.

ಮೂರನೆಯ ದಿನ ನಾನೇ ಹಚ್ಚಿದೆ. ಸುಶೀಲಾ “ಹಲೋ” ಅನ್ನುವುದಕ್ಕೂ ಓಣಿಯಲ್ಲಿ “ನೀರ ಬಂದಾವ್ರೀ!” ಎಂದು ಕೂಗೇಳುವುದಕ್ಕೂ ಸರಿಹೋಯಿತು. ಬರದಿಂದಾಗಿ ನಮ್ಮ ನಲ್ಲಿ ಹತ್ತು ದಿನಕ್ಕೊಮ್ಮೆ ಕೆಮ್ಮುತ್ತಿತ್ತು. ನೀರು ಬಂದಾಗ ಸತ್ತವರೂ ಎದ್ದು ಕೊಡ ಹಿಡಿಯಬೇಕು. ಫೋನನ್ನು ಅಂಗಳದ ಗೋಡೆಗೆ ಆನಿಸಿಟ್ಟು, ಬಂದ್ ಮಾಡುವುದನ್ನೂ ಮರೆತು ಓಡಿದೆ. ದೀಕ್ಷಾಳೂ ತನ್ನ ತಂಬಿಗೆ ಹಿಡಿದು ನಲ್ಲಿಯಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ನಲ್ಲಿಗೆ ಓಡಾಡತೊಡಗಿದಳು.

ಅರ್ಧ ತಾಸಾಗಿರಬೇಕು. ಗೋಡೆಯ ಕಡೆಯಿಂದ ದನಿ ಬಂತು: “ಏ ದೀಕ್ಷಾ, ಡ್ರಮ್ಮಿನ ಬಾಯಿಗಿ ಅರಿವಿ ಕಟ್ಟಲ್ಲೇನು? ಕಸ ಬೀಳ್ತದ.”

ಹುಡುಗಿ ತಲೆಯೆತ್ತಲಿಲ್ಲ. “ತಡಿ ಅವ್ವಾ, ಕೈ ಖಾಲಿ ಇಲ್ಲ.”

ನನ್ನ ಕೈಯ ಕೊಡ ತುಂಬಿ ಚೆಲ್ಲುತ್ತಿದ್ದರೂ ನಾನು ನಿಂತೇ ಇದ್ದೆ. ಓಡಾಡುತ್ತಲೇ ಹುಡುಗಿಯ ಬಾಯಿ ಬಿಚ್ಚಿತು. ಶಾಲೆಯಲ್ಲಿ ಯಾರೋ ಅವಳ ಪಾಟಿ ಒಡೆದದ್ದು, ದೊಡ್ಡಪ್ಪ ಗೊರಕೆ ಹೊಡೆಯುವುದು, ಎಲ್ಲ ಬಂತು. “ನಿಮ್ಮಲ್ಲಿ ನೀರ ಹ್ಯಾಂಗ ಬರ್ತಾವ?” ಎಂದು ತಾಯಿಯನ್ನೇ ಕೇಳಿದಳು. “ಟ್ಯಾಂಕರ್ ಬರ್ತದವ್ವ” ಎಂದ ಸುಶೀಲಾ ಅಷ್ಟರಲ್ಲಿ ತನ್ನ ಫೋನನ್ನೂ ಯಾವುದಕ್ಕೋ ಆನಿಸಿ ಹಿಟ್ಟು ನಾದುತ್ತಿದ್ದಳು.

ಆಮೇಲೆ ಯೋಚಿಸಿದೆ. ನಾನಾದರೂ ನಮ್ಮ ಅವ್ವನ ಎದುರಿಗೆ ಕೂತು ಮುಖ ನೋಡಿ ಮಾತಾಡಿದ್ದು ಯಾವಾಗ? ನನಗೆ ಗೊತ್ತಿದ್ದುದು ಅವಳ ಬೆನ್ನು, ಬಳೆಯ ಸದ್ದು, ಹಿಟ್ಟಿನ ಕೈ. ಎದುರಿಗೆ ಕೂಡಿಸಿಕೊಂಡಳೆಂದರೆ ಔಷಧಿಯೋ ಏಟೋ ಕಾದಿದೆ ಎಂದೇ ಅರ್ಥ. ದೀಕ್ಷಾ ಮಂಚದ ಕೆಳಗೆ ಸೇರಿದ್ದರಲ್ಲಿ ತಪ್ಪೇನಿತ್ತು? ಅಂದಿನಿಂದ ಫೋನಿನ ಜಾಗ ಗೋಡೆ. ಇಲ್ಲಿ ಕಾಳು ಆರಿಸುತ್ತೇವೆ, ಅಲ್ಲಿ ರೊಟ್ಟಿ ಬಡಿಯುತ್ತಾಳೆ. ಮಾತು ಬಂದರೆ ಬಂತು.

ಮೊನ್ನೆ ದೀಕ್ಷಾ ಅಂಗಿಗೆ ಮೂಗು ಒರೆಸಿಕೊಂಡದ್ದನ್ನು ಕಂಡು ಸುಶೀಲಾ ಪುಣೆಯಿಂದಲೇ ಗದರಿದಳು. ಹುಡುಗಿ ಕೆನ್ನೆ ಊದಿಸಿಕೊಂಡು, “ಅವ್ವ ಬರೇ ಬೈತಾಳ. ನಾ ಮಾತಾಡಲ್ಲ ಹೋಗು!” ಎಂದು ಮಂಚದ ಕೆಳಗೆ ಸೇರಿದಳು. ಮತ್ತೆ ಕೆಟ್ಟಿತಲ್ಲ ಎಂದು ನಾನು ಗಾಬರಿಯಿಂದ ಫೋನು ಎತ್ತಿಕೊಂಡೆ. ನೋಡಿದರೆ ಸುಶೀಲಾಳ ಮುಖವೆಲ್ಲ ನಗು.

“ನೋಡ್ದಿ ಏನಕ್ಕಾ? ನನ್ನ ಮ್ಯಾಲ ಸಿಟ್ಟಾಗ್ಯಾಳ!” ಎಂದಳು. ಬೀಗರ ಮೇಲೆ ಯಾವ ಮಗುವೂ ಹೀಗೆ ಸಿಟ್ಟಾಗುವುದಿಲ್ಲ ಎಂಬುದು ನನಗಿಂತ ಮೊದಲು ಅವಳಿಗೆ ಹೊಳೆದಿತ್ತು. “ನಾಳಿ ಜರಾ ಜಲ್ದಿ ಹಚ್ಚತೇನಿ. ಉಗುರ ಹ್ಯಾಂಗ ಬೆಳಸ್ಯಾಳ ನೋಡು, ಅದಕ್ಕಿನ್ನಾ ಬಯ್ಯೋದದ.”